ಮುಳ್ಳು ಏರದ ಚಳಿಗಾಲ

ಆ ಬೀದಿಯ ಮೆಕ್ಯಾನಿಕ್‌ಗೆ ಜನ ಕಿತ್ತಣ್ಣ ಎಂದು ಹೆಸರಿಟ್ಟಿದ್ದರು. ಅದು ಪ್ರೀತಿಯಿಂದ ಇಟ್ಟ ಹೆಸರೆಂದು ಅವನು ಮೂವತ್ತು ವರ್ಷ ನಂಬಿಕೊಂಡೇ ಬಂದಿದ್ದ. ನಂಬಲಿ ಬಿಡಿ, ನಮ್ಮ ಗಂಟೇನು ಹೋಗುತ್ತದೆ. ಅಸಲು ಸಂಗತಿ ಏನೆಂದರೆ, ಯಾವ ಗಾಡಿ ಅವನ ಶೆಡ್ಡಿಗೆ ಬಂದರೂ ಒಂದಲ್ಲ ಒಂದು ಭಾಗ ಕಳೆದುಕೊಂಡೇ ಹೊರಗೆ ಹೋಗುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಏನಾದರೂ ಕುಂಯ್‌ಗುಟ್ಟಿದರೆ ವೈರು ಕಿತ್ತ. ಕೆಂಪು ದೀಪ ಹೊತ್ತಿಕೊಂಡರೆ ಬಲ್ಬು ಕಿತ್ತ. "ಕಂಪನಿಯವರು ಬೇಡದ್ದನ್ನೆಲ್ಲ ತುರುಕಿರ್ತಾರೆ. ಗಾಡಿ ಹಗುರ ಆದಷ್ಟೂ ಒಳ್ಳೇದು" ಎನ್ನುವುದು ಅವನ ಸಿದ್ಧಾಂತ. ದೀಪ ಆರಿದ ಮೇಲೆ ರೋಗವೂ ವಾಸಿಯಾಯಿತೆಂದು ಗಿರಾಕಿಗಳು ಖುಷಿಯಿಂದ ಮನೆಗೆ ಹೋಗುತ್ತಿದ್ದರು.

ಕಳೆದ ಬೇಸಿಗೆ ಅವನ ಪಾಲಿಗೆ ಸುಗ್ಗಿ. ಎಂದೂ ಕಾಣದ ಬಿಸಿಲು ಬಿದ್ದು, ಗುಡ್ಡದ ರಸ್ತೆ ಹತ್ತಿದ ಕಾರುಗಳೆಲ್ಲ ಬಾನೆಟ್ಟಿನಿಂದ ಹಬೆ ಬಿಡುತ್ತ ಬಂದು ಅವನ ಶೆಡ್ಡಿನ ಮುಂದೆ ನಿಂತವು. ಇಂಜಿನ್ನು ಯಾಕೆ ಕುದಿಯುತ್ತಿದೆ ಎಂದು ಹುಡುಕುವ ತಂಟೆಗೆ ಅವನು ಹೋಗಲಿಲ್ಲ. ಅವನ ಗುರು ಕಲಿಸಿಕೊಟ್ಟ ಒಂದೇ ಮದ್ದು ಇತ್ತು: ಥರ್ಮೋಸ್ಟಾಟ್ ಕಿತ್ತುಬಿಡು. ಇಂಜಿನ್ನಿನ ನೀರು ಕಾಯುವ ತನಕ ರೇಡಿಯೇಟರಿಗೆ ಹೋಗದಂತೆ ತಡೆದು, ಕಾದ ಮೇಲೆ ಬಾಗಿಲು ತೆರೆಯುವ ಅಂಗೈಯಗಲದ ವಾಲ್ವ್ ಅದು. ಅದನ್ನು ಕಿತ್ತರೆ ನೀರು ಸದಾ ಓಡುತ್ತಲೇ ಇರುತ್ತದೆ, ಕುದಿಯುವ ಮಾತೇ ಇಲ್ಲ. ಹೀಗೆ ಹನ್ನೊಂದು ಕಾರು. ಹನ್ನೊಂದರಲ್ಲೂ ಶಾಖ ತೋರಿಸುವ ಮುಳ್ಳು ತಳದಲ್ಲೇ ತೆಪ್ಪಗೆ ಮಲಗಿತು. ಕಿತ್ತಣ್ಣ ಬಂದಬಂದವರಿಗೆಲ್ಲ ಆ ಮುಳ್ಳು ತೋರಿಸಿ ಮೀಸೆ ತಿರುವಿದ.

ಹನ್ನೊಂದನೆಯದು ಅವನ ಹೆಂಡತಿಯ ಕಾರು. ಆಕೆ ಹೆರಿಗೆ ನರ್ಸ್. ಬೆಳಗಿನ ಐದಕ್ಕೇ ಎದ್ದು, ಗುಡ್ಡದ ಮೇಲಿನ ಮನೆಗಳಿಗೆ ಬಸುರಿ ಬಾಣಂತಿಯರನ್ನು ನೋಡಲು ಹೋಗುವವಳು. ಚಳಿಗಾಲ ಕಾಲಿಟ್ಟ ಮೊದಲ ವಾರವೇ ಆಕೆಯ ಕಾರಿನ ಹೀಟರ್ ಐಸಿನಂಥ ಗಾಳಿ ಊದತೊಡಗಿತು.

"ರೀ, ನಿನ್ನೆ ಒಂದು ಮಗು ನನ್ನ ತಣ್ಣನೆ ಕೈ ತಾಗಿದ್ದಕ್ಕೇ ಕಿಟಾರನೆ ಕಿರುಚ್ಕೊಳ್ತು. ಅವರಮ್ಮ ನನ್ನನ್ನ ಹೇಗೆ ನೋಡಿದ್ಲು ಗೊತ್ತಾ? ಸೋಮವಾರದೊಳಗೆ ಸರಿ ಆಗದಿದ್ರೆ ಎದುರುಗಡೆ ಕೊಡ್ತೀನಿ."

ಎದುರುಗಡೆ ಎಂದರೆ ರಸ್ತೆಯ ಆಚೆ ಬದಿಯ ಗಾಜಿನ ಗ್ಯಾರೇಜು. ಅಲ್ಲಿ ನೆಲ ಒರೆಸುತ್ತಾರೆ, ಕೈಗವಸು ಹಾಕಿಕೊಂಡು ಸ್ಪ್ಯಾನರ್ ಹಿಡಿಯುತ್ತಾರೆ. ಕಟ್ಟಿಕೊಂಡ ಹೆಂಡತಿಯೇ ಕಾರನ್ನು ಅಲ್ಲಿಗೆ ಒಯ್ದಳೆಂದರೆ ಮಾರನೆಯ ದಿನದಿಂದ ಅವನ ಶೆಡ್ಡಿಗೆ ನೊಣವೂ ಬರುವುದಿಲ್ಲ. ಅಷ್ಟು ಲೆಕ್ಕ ಕಿತ್ತಣ್ಣನಿಗೂ ಬರುತ್ತಿತ್ತು.

ಅವನು ಟೊಂಕ ಕಟ್ಟಿ ನಿಂತ. ಗುರುವಾರ ಹೀಟರಿನ ಪೈಪುಗಳನ್ನು ಬಿಚ್ಚಿ ತೊಳೆದ. ಶುಕ್ರವಾರ ನೀರಿನಲ್ಲಿ ಗಾಳಿ ಸೇರಿದೆ ಎಂದು ಕಾರಿನ ಮೂತಿಯನ್ನು ಇಟ್ಟಿಗೆಗಳ ಮೇಲೇರಿಸಿ ಗಾಳಿ ಬಿಡಿಸಿದ. ಶನಿವಾರ ಗಾಳಿ ಊದುವ ಮೋಟಾರನ್ನೇ ಬದಲಾಯಿಸಿದ. ತಣ್ಣನೆಯ ಗಾಳಿ ಮೊದಲಿಗಿಂತ ಜೋರಾಗಿ ಬಂತು.

ಅಷ್ಟರಲ್ಲಿ ಉಳಿದ ಗಿರಾಕಿಗಳೂ ನಡುಗುತ್ತ ಬಂದರು. ನಿವೃತ್ತ ಮೇಷ್ಟ್ರ ಕಾರಿಗೆ ಅವನು ತುಕ್ಕು ಎಂದ. ಬೇಕರಿ ಅಕ್ಕನ ಕಾರಿಗೆ ಪೆಟ್ರೋಲು ಸರಿಯಿಲ್ಲ ಎಂದ. ಇನ್ನೊಬ್ಬರಿಗೆ ಹವಾಮಾನ ಕೆಟ್ಟಿದೆ ಎಂದ. ಒಂದೇ ವಾರದಲ್ಲಿ ಆರು ಕಾರುಗಳಿಗೆ ಆರು ರೋಗ ಕಂಡುಹಿಡಿದ ಮಹಾನುಭಾವನಿಗೆ, ಆರೂ ತನ್ನ ಕೈಯಿಂದಲೇ ಹೋದ ಕಾರುಗಳು ಎನ್ನುವುದು ಮಾತ್ರ ಹೊಳೆಯಲಿಲ್ಲ. ಸೋಮವಾರ ಬೆಳಿಗ್ಗೆ ಬನ್ನಿ ಎಂದು ಎಲ್ಲರನ್ನೂ ಸಾಗಹಾಕಿದ.

ಭಾನುವಾರ ಹೆಂಡತಿಯ ಪಕ್ಕದಲ್ಲಿ ಕೂತು ಗುಡ್ಡದ ಸುತ್ತ ಒಂದು ರೌಂಡು ಹೊಡೆಸಿದ. "ಇನ್ನೇನು ಬಿಸಿ ಬರುತ್ತೆ, ತಾಳು" ಎಂದು ನಾಲ್ಕು ಸಲ ಹೇಳಿದ. ಆಕೆ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡಿದ್ದಳು.

"ಈ ಮುಳ್ಳು ಯಾವಾಗ್ಲೂ ಹೀಗೇ ಮಲಗಿರುತ್ತಾ?"

"ಅದೇ ಕಣೇ ನನ್ನ ಕೈಗುಣ! ಬೇಸಿಗೆಯಿಂದ ಒಂದು ಸಲಾನೂ ಮೇಲೆದ್ದಿಲ್ಲ."

"ಅಂದ್ರೆ ಇಂಜಿನ್ನೇ ಬಿಸಿ ಆಗ್ತಿಲ್ಲ ತಾನೇ? ಮತ್ತೆ ಹೀಟರಿಗೆ ಬಿಸಿ ಎಲ್ಲಿಂದ ಬರಬೇಕು, ನಮ್ಮಪ್ಪನ ಮನೆಯಿಂದ ಕಳಿಸಬೇಕಾ?"

ಕಿತ್ತಣ್ಣ ಬಗ್ಗಿ ಆ ಮುಳ್ಳನ್ನೇ ಮತ್ತೊಮ್ಮೆ ನೋಡಿದ. ಹೀಟರ್ ಬೇರೆ ಒಲೆಯೇನಲ್ಲ, ಇಂಜಿನ್ನಿನ ಕಾದ ನೀರನ್ನೇ ಸಾಲ ಪಡೆದು ಬಿಸಿಗಾಳಿ ಕೊಡುವಂಥದ್ದು. ಆ ನೀರು ಕಾಯದಂತೆ ನೋಡಿಕೊಂಡವನು ಸಾಕ್ಷಾತ್ ಅವನೇ.

ಮನೆಗೆ ಬಂದವನೇ ಶೆಡ್ಡಿನ ಶಟರ್ ಅರ್ಧ ಎಳೆದು, ಹೊಸ ಥರ್ಮೋಸ್ಟಾಟ್ ಹಾಕಿದ. ಮುಳ್ಳು ಎದ್ದಿತು. ಹೀಟರ್ ಬೆಚ್ಚಗೆ ಊದಿತು. ಆದರೆ ಮುಳ್ಳು ನಡುವಿನಲ್ಲಿ ನಿಲ್ಲದೆ ಮೇಲೇರುತ್ತಲೇ ಹೋಯಿತು, ಬೇಸಿಗೆಯ ಹಳೇ ರೋಗ. ಈ ಸಲ ಥರ್ಮೋಸ್ಟಾಟ್ ಕೀಳುವಂತಿರಲಿಲ್ಲವಾದ್ದರಿಂದ ವಿಧಿಯಿಲ್ಲದೆ ಹುಡುಕಿದ. ರೇಡಿಯೇಟರಿನ ಸಂದುಗಳಲ್ಲಿ ಒಣಹುಲ್ಲು, ಧೂಳು, ಹಾರಿಬಂದ ಬೂರುಗದ ಹತ್ತಿ ಸೇರಿ ಕಂಬಳಿ ಹೊದಿಸಿದ ಹಾಗೆ ಮುಚ್ಚಿಕೊಂಡಿತ್ತು. ನಲ್ಲಿಯ ಪೈಪು ಹಿಡಿದು ತೊಳೆದರೆ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯನ್ನು ಬೇಸಿಗೆಯಲ್ಲಿ ಉಳಿಸಿದ್ದಕ್ಕೆ ಅವನಿಗೆ ನಿಜವಾಗಿ ನಾಚಿಕೆಯಾಯಿತು. ನಾಚಿಕೆಯ ಅಭ್ಯಾಸವಿಲ್ಲದ್ದರಿಂದ ಮೊದಲು ಅದನ್ನು ಎದೆಯುರಿ ಎಂದುಕೊಂಡಿದ್ದ.

ಸೋಮವಾರ ಬೆಳಗಿನ ಸುತ್ತು ಮುಗಿಸಿ ಬಂದ ಹೆಂಡತಿ ಕಾರಿನಿಂದ ಇಳಿದು, "ಚೆನ್ನಾಗಿ ಬರ್ತಿದೆ. ಏನಾಗಿತ್ತು?" ಎಂದಳು.

"ಏನಿಲ್ಲ, ಎಲ್ಲೋ ಸ್ವಲ್ಪ ಗಾಳಿ..."

"ನನಗೇನು ಬೇಕಾದ್ರೂ ಹೇಳಿ. ಮೇಷ್ಟ್ರ ಸೊಸೆಗೆ ಮುಂದಿನ ವಾರ ದಿನ ತುಂಬುತ್ತೆ. ಆಸ್ಪತ್ರೆಯಿಂದ ಮಗೂನ ಅದೇ ಕಾರಲ್ಲಿ ಕರ್ಕೊಂಡು ಬರ್ತಾರೆ. ಅವರಿಗೆ ಏನು ಹೇಳ್ತೀರಿ?"

ಅಷ್ಟರಲ್ಲಿ ಮೇಷ್ಟ್ರು ಮತ್ತು ಬೇಕರಿ ಅಕ್ಕ ಬಂದೇಬಿಟ್ಟರು. ಕಿತ್ತಣ್ಣನ ನಾಲಿಗೆಯ ತುದಿಯಲ್ಲಿ ಎರಡು ಹೊಸ ಸುಳ್ಳು ತಯಾರಾಗಿದ್ದವು, ಎರಡೂ ಚೆನ್ನಾಗಿಯೇ ಇದ್ದವು. ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿದ.

"ತುಕ್ಕೂ ಅಲ್ಲ, ಪೆಟ್ರೋಲೂ ಅಲ್ಲ. ಬೇಸಿಗೇಲಿ ನಿಮ್ಮ ಗಾಡಿಯಿಂದ ಥರ್ಮೋಸ್ಟಾಟ್ ಕಿತ್ತೆ. ಅದಕ್ಕೇ ಬಿಸಿ ಬರ್ತಿಲ್ಲ. ಗಾಡಿ ಯಾಕೆ ಕುದೀತಿತ್ತು ಅಂತ ನನಗೆ ಆಗ ಗೊತ್ತಿರಲಿಲ್ಲ. ಹುಡುಕಲೂ ಇಲ್ಲ."

ಬೇಕರಿ ಅಕ್ಕ, "ಸರಿ, ನಂದು ಇಲ್ಲೇ ಇರ್ಲಿ. ಕಿತ್ತವನಿಗೆ ಹಾಕೋ ಜಾಗ ಆದ್ರೂ ಗೊತ್ತಿರುತ್ತಲ್ಲ" ಎಂದಳು. ಮೇಷ್ಟ್ರು ಕಾರು ಹತ್ತಿ, ತಿರುಗಿಸಿ, ನೇರ ಎದುರಿನ ಗಾಜಿನ ಗ್ಯಾರೇಜಿಗೆ ನುಗ್ಗಿಸಿದರು. ಇಡೀ ಬೀದಿ ಅದನ್ನು ಕಣ್ತುಂಬ ನೋಡಿತು. ಕಿತ್ತಣ್ಣನ ಮುಖ ಸುಟ್ಟ ಬದನೆಕಾಯಿಯಾಯಿತು.

ಹೆಂಡತಿ ಒಳಗೆ ಹೋಗಲಿಲ್ಲ, ಅವನ ಪಕ್ಕದಲ್ಲೇ ನಿಂತಿದ್ದಳು. ಗಾಜಿನ ಆಚೆ ಕೈಗವಸಿನವನು ಕಂಪ್ಯೂಟರ್ ತೋರಿಸುತ್ತ ಮೇಷ್ಟ್ರಿಗೆ ಏನೋ ವಿವರಿಸುತ್ತಿದ್ದ, ಮೇಷ್ಟ್ರು ತಲೆಯಾಡಿಸುತ್ತಿದ್ದರು. ಕಿತ್ತಣ್ಣ ಎರಡು ಸಲ ಹೆಜ್ಜೆ ಎತ್ತಿ ಇಳಿಸಿದ. ಮೂರನೆಯ ಸಲ ರಸ್ತೆ ದಾಟಿ, ಒರೆಸಿದ ನೆಲದ ಮೇಲೆ ಗ್ರೀಸಿನ ಹೆಜ್ಜೆ ಮೂಡಿಸುತ್ತ ಒಳಗೆ ಹೋದ.

"ಇಡೀ ಹೀಟರನ್ನೇ ಬದಲಾಯಿಸಬೇಕು ಅಂತಿದೆ ಕಂಪ್ಯೂಟರು," ಎನ್ನುತ್ತಿದ್ದ ಕೈಗವಸಿನವನು.

"ಬೇಡ. ಥರ್ಮೋಸ್ಟಾಟ್ ಇಲ್ಲ ಅದರಲ್ಲಿ, ಹಾಕಿ ಸಾಕು. ರೇಡಿಯೇಟರನ್ನ ಹೊರಗಿಂದ ತೊಳೀರಿ, ಇಲ್ಲಾಂದ್ರೆ ಬೇಸಿಗೇಲಿ ಮತ್ತೆ ಕುದಿಯುತ್ತೆ," ಎಂದ ಕಿತ್ತಣ್ಣ.

ಮೇಷ್ಟ್ರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ನನ್ನ ಸೊಸೆ ಆಸ್ಪತ್ರೆಗೆ ಹೋಗೋಷ್ಟರಲ್ಲಿ ಆಗುತ್ತೇನಯ್ಯಾ?"

"ಸಂಜೆಯೊಳಗೆ ಆಗುತ್ತೆ ಮೇಷ್ಟ್ರೇ. ಯಾರು ಮಾಡಿದ್ರೂ ಆಗುತ್ತೆ."

ಆ ಕೊನೆಯ ಮಾತು ಮೂವತ್ತು ವರ್ಷದಲ್ಲಿ ಅವನ ಬಾಯಿಂದ ಬಂದದ್ದು ಅದೇ ಮೊದಲು.