ಎರಡು ಸಲ ಸೋಸಿದ ಪೆಟ್ರೋಲು

ಹೆಣ್ಣು ನೋಡಲು ಹೋದಾಗ ತಟ್ಟೆಯಲ್ಲಿನ ಉಪ್ಪಿಟ್ಟು ಮುಗಿಯುವುದರೊಳಗೆ ಒಪ್ಪಿಗೆ ಹೇಳಿದವನು ನಾನು. ಅಂಥವನು ಹೆಬ್ಬೆರಳಿನಷ್ಟುದ್ದದ ಒಂದು ಪೆಟ್ರೋಲ್ ಫಿಲ್ಟರ್ ಆರಿಸಲು ಮೂರು ವಾರ ತೆಗೆದುಕೊಂಡೆ. ಈ ಮಾತನ್ನು ನನ್ನ ಹೆಂಡತಿ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ಅಷ್ಟು ಯೋಚಿಸಿ ಆರಿಸಿದ್ದು ಸರಿಯಾದದ್ದೇ ಆಗಿತ್ತು. ಆಮೇಲೆ ಒಂದೇ ಗಳಿಗೆಯಲ್ಲಿ ನಾನೇ ಅದನ್ನು ಕೆಡಿಸಿಕೊಂಡೆ. ಆ ಪ್ರಸಂಗವನ್ನು ಅವಳು ಹೇಳುವ ಮೊದಲು ನಾನೇ ಒಪ್ಪಿಸಿಬಿಡುವುದು ಒಳ್ಳೆಯದು.

ಅದು ಬಳ್ಳಾರಿಯಲ್ಲಿ ಮಣ್ಣೇ ಚಿನ್ನವಾಗಿದ್ದ ಕಾಲ. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ಕಾರಿನ ಗಾಜು ಇಳಿಸಿ ನಮಸ್ಕಾರ ಹೇಳುತ್ತಿದ್ದರು. ಅದಿರಿನ ಲಾರಿಗಳು ಓಡಿ ಓಡಿ ನಮ್ಮ ಹಿತ್ತಲಲ್ಲಿ ಒಣಹಾಕಿದ ಬಿಳಿ ಪಂಚೆಗಳು ಸಂಜೆಯ ಹೊತ್ತಿಗೆ ಕಾವಿ ತೊಡುತ್ತಿದ್ದವು. ನಾನು ಸಿರುಗುಪ್ಪದ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಬಳ್ಳಾರಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತ, ಲಾರಿ ಸಾಲಿನ ಹಿಂದೆ ಸಿಕ್ಕಿಕೊಂಡು ಪಾಠಕ್ಕೆ ತಡವಾಗಿ ಮುಟ್ಟುತ್ತಿದ್ದೆ. ನನ್ನ ಪಾಡು ನೋಡಿ ಹಳೆಯ ಶಿಷ್ಯನೊಬ್ಬನಿಗೆ ಕನಿಕರ ಬಂತು. ಗಣಿಯಿಂದ ಕೈತುಂಬಿದ ಮನೆಯವನು. ಕಾರು ಬಂದ ಮೇಲೆ ಬೇಡವಾಗಿ ಮೂಲೆ ಸೇರಿದ್ದ ತನ್ನ ಬೈಕನ್ನು ನನಗೆ ಕೊಟ್ಟ. ಹೊರದೇಶದಿಂದ ತರಿಸಿದ್ದು, ಕಲ್ಲುಗುಡ್ಡ ಹತ್ತಲೆಂದೇ ಮಾಡಿದ್ದು. ಎದೆಮಟ್ಟದ ಸೀಟು, ಹಲ್ಲುಹಲ್ಲಿನ ಟೈರು. ಕಾರ್ಬುರೇಟರ್ ಇಲ್ಲ, ಇಂಜೆಕ್ಷನ್ ಎಂಜಿನ್.

"ಲಾರಿ ಕಾಟನ ಇರಂಗಿಲ್ಲ ಸರ್, ಕಾಲುವಿ ದಂಡಿ ಮ್ಯಾಲೆ ಹೋಗಿಬಿಡ್ರಿ" ಎಂದ.

ಹಾಗೇ ಮಾಡಿದೆ. ಮೊದಲ ವಾರ ಅದನ್ನು ಹತ್ತಲು ಮನೆಯ ಕಟ್ಟೆ ಬೇಕಾಗುತ್ತಿತ್ತು. ಕಟ್ಟೆ ಇಲ್ಲದ ಕಡೆ ಇಳಿಯುತ್ತಲೇ ಇರಲಿಲ್ಲ. ಕಾಲುವೆಯ ದಂಡೆಯ ಮೇಲೆ, ಭತ್ತದ ಗದ್ದೆಗಳ ನಡುವೆ ಹೋಗುವಾಗ ಮಾತ್ರ ನಾನು ಮೇಷ್ಟ್ರು ಎಂಬುದು ಮರೆತೇ ಹೋಗುತ್ತಿತ್ತು. ಆ ದಾರಿಯಲ್ಲಿ ಬಂಕುಗಳಿಲ್ಲ. ಹಳ್ಳಿಯ ಅಂಗಡಿಗಳಲ್ಲಿ ಬಾಟಲಿಯಲ್ಲಿಟ್ಟು ಮಾರುವ ಪೆಟ್ರೋಲನ್ನೇ ಕುಡಿಸಿದೆ. ಮೂರು ತಿಂಗಳಿಗೆ ಗಾಡಿ ಮುಗ್ಗರಿಸತೊಡಗಿತು.

ಬ್ರೂಸ್‌ಪೇಟೆಯ ಕಾಳಿನ ಅಂಗಡಿಗಳ ಹಿಂದಿನ ಸಂದಿಯಲ್ಲಿ ಖಾದರ್ ಭಾಯ್ ಅವರ ರಿಪೇರಿ ಅಂಗಡಿ. ನನ್ನ ಅಪ್ಪನ ಸ್ಕೂಟರಿನ ಕಾಲದಿಂದ ನಮ್ಮ ಮನೆಯ ವಾಹನವೈದ್ಯರು ಅವರೇ. ಟ್ಯಾಂಕು ಬಿಚ್ಚಿ, ಹಳೆಯ ಫಿಲ್ಟರನ್ನು ಪತ್ರಿಕೆಯ ಹಾಳೆಯ ಮೇಲೆ ಕೊಡವಿದರು. ಹುಣಸೆಹಣ್ಣಿನ ರಸದಂಥದ್ದು ಇಳಿಯಿತು.

"ನೋಡ್ರಿ ಸ್ವಾಮಿ, ಸಿರುಗುಪ್ಪದ ಅರ್ಧ ಮಣ್ಣು ಇದರಾಗ ಐತಿ."

ಬೇರೆ ಹಾಕಿದರಾಯಿತು ಎಂದೆ. ಅವರು ಕೈ ಒರೆಸಿಕೊಂಡು, ದಡ್ಡ ಹುಡುಗರಿಗೆ ನಾನು ಹೇಳುವ ಹಾಗೆ ನಿಧಾನವಾಗಿ ಹೇಳಿದರು. "ಹಳೇ ಗಾಡ್ಯಾಗ ಪೆಟ್ರೋಲು ತಾನ ಇಳಿದು ಬರತೈತಿ, ನಳದ ನೀರಿನಂಗ. ಇದರಾಗ ಪಂಪು ಒತ್ತಿ ತಳ್ಳತೈತಿ. ಮುಂದಿನ ತೂತು ಕೂದಲಿನಷ್ಟು ಸಣ್ಣದು, ಒಂದು ಕಸ ಹೋದ್ರೂ ಮುಗೀತು. ಕಸ ಹಿಡೀಬೇಕು, ಒತ್ತು ತಡಕೋಬೇಕು, ಪೈಪಿನ ಬಾಯಿ ಅಳತಿ ಕೂಡಬೇಕು. ಅಂಗಡ್ಯಾಗ ಚಂದ ಕಾಣತೈತಂತ ತರಬ್ಯಾಡ್ರಿ."

ಆನೆ ಕೊಟ್ಟವರು ಅಂಕುಶ ಕೊಟ್ಟಿರಲಿಲ್ಲ. ಆ ಅಂಕುಶ ಹುಡುಕುತ್ತ ನಾನು ಪೇಟೆಯೆಲ್ಲ ತಿರುಗಿದೆ. ಒಂದು ಒತ್ತು ತಡೆಯುತ್ತಿತ್ತು, ಬಾಯಿ ಕೂಡುತ್ತಿರಲಿಲ್ಲ. ಇನ್ನೊಂದರ ಬಾಯಿ ಕೂಡುತ್ತಿತ್ತು, ಖಾದರ್ ಭಾಯ್ ಅದನ್ನು ಬೆರಳಲ್ಲಿ ಒತ್ತಿ ನೋಡಿ "ಆಟಿಗಿ ಸಾಮಾನು" ಎಂದು ವಾಪಸು ಕೊಡುತ್ತಿದ್ದರು. ಗಂಡು ಹುಡುಕುವ ತಂದೆಯ ಸಂಕಟ ನನಗೆ ಅರ್ಥವಾದದ್ದು ಆಗ. ಕೊನೆಗೆ ಮೂರನೆಯ ವಾರ ಮದ್ರಾಸಿನಿಂದ ಲೋಹದ ಒಂದು ಫಿಲ್ಟರ್ ಬಂತು. ಭಾಯ್ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಊದಿ, ಕೂಡಿಸಿದರು. ಗಾಡಿ ಮತ್ತೆ ಕುದುರೆಯಾಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಜಾಣ. ಆದರೆ ಈ ಸುದ್ದಿಯನ್ನು ಕುರುಗೋಡಿನ ನಮ್ಮ ಸೋದರತ್ತೆಗೆ ಹೇಳಿದೆ.

ಅತ್ತೆ ನನ್ನ ತಂದೆಯ ಅಕ್ಕ. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ತಾಯಿಯನ್ನು ಕಳೆದುಕೊಂಡ ನನ್ನನ್ನು ಹೈಸ್ಕೂಲು ಮುಗಿಯುವವರೆಗೆ ಸಾಕಿದವಳು. ಎಪ್ಪತ್ತು ದಾಟಿದರೂ ಏಕಾದಶಿ ದಿನ ನೀರು ಮುಟ್ಟುವುದಿಲ್ಲ. ದ್ವಾದಶಿ ಬೆಳಿಗ್ಗೆ ಪಾರಣೆ. ಅದಕ್ಕೊಂದು ನಿಯಮ: ಮನೆಯ ಗಂಡುಮಗ ಎಲೆಯ ಮುಂದೆ ಕೂತು ಮೊದಲ ತುತ್ತು ಎತ್ತಿದ ಮೇಲೆಯೇ ಅವಳು ಅನ್ನ ಮುಟ್ಟಬೇಕು. "ಶಾಸ್ತ್ರದಾಗ ಹಂಗ ಅದನೋ" ಎಂದಿದ್ದಳು. ಅವಳಿಗೆ ಮನೆಯ ಗಂಡುಮಗ ಎಂದರೆ ನಾನೊಬ್ಬನೇ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಬೆಳಗಾಗುತ್ತಲೇ ಹೊರಟು, ಕುರುಗೋಡಿನಲ್ಲಿ ಉಂಡು, ಅಲ್ಲಿಂದ ಕಾಲೇಜಿಗೆ ಹೋಗುತ್ತಿದ್ದೆ. ಹುಡುಗರು ಉತ್ತರ ಬರೆದರೆ ಆಧಾರ ಯಾವುದು ಎಂದು ಕೇಳುವ ನಾನು ಅತ್ತೆಯನ್ನು ಮಾತ್ರ ಎಂದೂ ಕೇಳಲಿಲ್ಲ.

ಫಿಲ್ಟರಿನ ಕಥೆ ಕೇಳಿ ಅವಳು ಮೂಗು ಮುರಿದಳು. ಅವಳು ಕುಡಿಯುವ ನೀರನ್ನು ಮಡಿಬಟ್ಟೆ ಮಡಚಿ ಸೋಸಿ, ಇನ್ನೊಂದು ಕೊಡಕ್ಕೆ ಮತ್ತೆ ಸೋಸುವವಳು.

"ಒಂದು ಸಲ ಸೋಸಿದ್ರ ಅದು ಸೋಸಿದಂಗೇನೋ? ನನ್ನ ಮನಿ ನೀರು ಕುಡದು ನಿನಗ ಎಂದರ ಹೊಟ್ಟಿ ಕೆಟ್ಟದ ಏನು? ಎರಡು ಹಾಕಸು."

ನನ್ನ ಹೊಟ್ಟೆ ಎಂದೂ ಕೆಟ್ಟಿರಲಿಲ್ಲ. ಇದಕ್ಕಿಂತ ದೊಡ್ಡ ಪ್ರಮಾಣ ಬೇಕೆ? ಖಾದರ್ ಭಾಯ್ ಕಣ್ಣಿಗೆ ಬೀಳದ ಹಾಗೆ ಬ್ರೂಸ್‌ಪೇಟೆಯ ಇನ್ನೊಂದು ತುದಿಗೆ ಹೋಗಿ, ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ಕಿನ ಮುದ್ದಾದ ಫಿಲ್ಟರೊಂದನ್ನು ತಂದೆ. ಪಂಪಿನಿಂದ ಎಂಜಿನ್ನಿಗೆ ಹೋಗುವ ಪೈಪನ್ನು ಕತ್ತರಿಸಿ ನಡುವೆ ನಾನೇ ಕೂಡಿಸಿದೆ. ಮನೆಯ ಸುತ್ತ ಎರಡು ಸುತ್ತು ಹೊಡೆದು ನೋಡಿದೆ. ಏನೂ ಆಗಲಿಲ್ಲ. ಅತ್ತೆಯ ಶಾಸ್ತ್ರ ಗೆದ್ದಿತು ಅಂದುಕೊಂಡೆ.

ಮರುದಿನವೇ ದ್ವಾದಶಿ. ಕುರುಗೋಡಿನ ರಸ್ತೆಯಲ್ಲಿ ಅರ್ಧ ದಾರಿಗೆ ಬಂದಿದ್ದೆ, ಮೊಣಕಾಲು ತಣ್ಣಗಾಯಿತು. ನೋಡಿದರೆ ಮುದ್ದಾದ ಫಿಲ್ಟರು ಸೀಳಿ, ಪೆಟ್ರೋಲು ಚಿಮ್ಮಿ ಪ್ಯಾಂಟು ತೊಯ್ಯುತ್ತಿದೆ. ಗಾಬರಿಯಾಗಿ ಕೀಲಿ ತಿರುಗಿಸಿ ಗಾಡಿ ನಿಲ್ಲಿಸಿದೆ. ಇಳಿಯಲು ಅವತ್ತು ಕಟ್ಟೆ ಬೇಕಾಗಲಿಲ್ಲ.

ಖಾದರ್ ಭಾಯ್‌ಗೆ ಫೋನು ಮಾಡಿದೆ. "ಬಂದೆ" ಎಂದರು. ಬಸ್ಸಿಗೆ ಕೈ ಮಾಡಿದೆ, ಪೆಟ್ರೋಲಿನಲ್ಲಿ ಅದ್ದಿದವನನ್ನು ಯಾವ ಕಂಡಕ್ಟರೂ ಹತ್ತಿಸಿಕೊಳ್ಳಲಿಲ್ಲ. ಅತ್ತೆಯ ಮನೆಗೆ ಫೋನು ಮಾಡಿದೆ. ಅದು ಬಡಿದುಕೊಂಡೇ ಬಡಿದುಕೊಂಡಿತು. ಪಾರಣೆ ಮುಗಿಯುವ ತನಕ ಅವಳು ಮಡಿಯಲ್ಲಿರುತ್ತಾಳೆ, ಫೋನು ಮುಟ್ಟುವುದಿಲ್ಲ. ನಿನ್ನೆಯಿಂದ ಹನಿ ನೀರಿಲ್ಲದ ಜೀವ, ಬಡಿದುಕೊಳ್ಳುವ ಫೋನಿನ ಮುಂದೆ ಕೂತು ನನ್ನ ದಾರಿ ನೋಡುತ್ತಿದೆ ಎಂದು ನೆನೆದು ನನಗೆ ಅಳುವೇ ಬಂತು.

ಪರಿಹಾರವೇನಾದರೂ ಇರಬಹುದೆಂದು ಬಳ್ಳಾರಿಯ ನಮ್ಮ ಮನೆಯ ಪುರೋಹಿತರಿಗೆ ಫೋನು ಮಾಡಿದೆ.

"ಆಚಾರ್ಯರ, ನಾ ಹೋಗೋದು ತಡಾ ಆಗತದ. ನಾ ಎಲಿ ಮುಂದ ಕೂಡದ ಅತ್ಯಾ ಉಣ್ಣೋಹಂಗ ಏನರ ಪ್ರಾಯಶ್ಚಿತ್ತ ಅದ ಏನ್ರಿ?"

"ಪ್ರಾಯಶ್ಚಿತ್ತ ಯಾಕಪಾ? ಆಕಿ ಉಂಡ್ರಾತು."

"ಶಾಸ್ತ್ರದಾಗ ಮನಿ ಗಂಡುಮಗ ಮೊದಲ ಕೂಡಬೇಕಲ್ರೀ."

"ಯಾವ ಶಾಸ್ತ್ರದಾಗ? ಹೊತ್ತಿಗೆ ಸರಿಯಾಗಿ ತೀರ್ಥ ತೊಗೊಂಡು ಉಣ್ಣೋದು, ಇಷ್ಟ ಪಾರಣಿ. ಅಳಿಯ ಬರಬೇಕಂತ ಎಲ್ಲೂ ಬರದಿಲ್ಲ. ಯಾರು ಹೇಳಿದ್ರು ನಿನಗ?"

ಆಮೇಲೆ ಮಾಡತೀನ್ರಿ ಎಂದು ಮಾತು ಮುಗಿಸಿದೆ. ಫೋನು ಜೇಬಿಗೆ ಹಾಕಿ ರಸ್ತೆ ಬದಿಯ ಕಾಲುವೆಯ ಕಡೆ ನೋಡುತ್ತ ನಿಂತೆ. ಈ ನಿಯಮ ಎಂದಿನಿಂದ ಶುರುವಾಯಿತು ಎಂದು ಆಗ ಲೆಕ್ಕ ಹಾಕಿದೆ. ನನ್ನ ಮದುವೆಯಾಗಿ, ಮಗಳು ಹುಟ್ಟಿ, ಕುರುಗೋಡಿಗೆ ಹೋಗುವುದು ತಿಂಗಳಿನಿಂದ ಎರಡು ತಿಂಗಳಿಗೆ, ಎರಡರಿಂದ ಹಬ್ಬಕ್ಕೆ ಬಂದು ನಿಂತಾಗಲೇ ಈ ನಿಯಮ ಹುಟ್ಟಿತ್ತು. ಬಾ ಎಂದು ಅತ್ತೆ ಒಂದು ಸಲವೂ ಕರೆಯಲಿಲ್ಲ. ಶಾಸ್ತ್ರದಿಂದ ಕರೆಸಿದಳು. ನನಗೆ ನಾಚಿಕೆಯಾಯಿತು.

ಖಾದರ್ ಭಾಯ್ ಮೊಪೆಡ್ಡಿನಲ್ಲಿ ಬಂದು, ಸೀಳಿದ ಫಿಲ್ಟರನ್ನು ಎತ್ತಿ ಹಿಡಿದರು.

"ಇದನ್ನ ಯಾರು ಕೂಡಿಸಿದ್ದು?"

"ನಾನೇ. ಎರಡು ಸಲ ಸೋಸಿದ್ರ ಚಲೋ ಅಂತ ಅತ್ಯಾ ಹೇಳಿದ್ಲು."

ಅವರು ನಗಲಿಲ್ಲ. "ದೊಡ್ಡೋರು ಹೇಳಿದ್ದು ನೀರಿಗೆ ಸರಿ ಐತ್ರಿ ಸ್ವಾಮಿ" ಎಂದು ಅದನ್ನು ಚೀಲಕ್ಕೆ ಹಾಕಿಕೊಂಡು, ಹೊಸ ಪೈಪು ಹಾಕಿ ಬಿಗಿದು, ಎಂಜಿನ್ ಪೂರ್ತಿ ಆರಿ ಒಣಗುವ ತನಕ ಕೀಲಿ ತಮ್ಮ ಜೇಬಿನಲ್ಲೇ ಇಟ್ಟುಕೊಂಡಿದ್ದರು.

ನಾನು ಮುಟ್ಟಿದಾಗ ಹನ್ನೊಂದು ದಾಟಿತ್ತು. ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಎರಡು ಎಲೆ ಹಾಕಿದ್ದಳು. ತುಟಿ ಒಣಗಿತ್ತು. ನನ್ನನ್ನು ಕಂಡು ಏಳಲು ಹೋದವಳು ಒಮ್ಮೆಗೆ ಏಳಲಾಗದೆ ಗೋಡೆ ಹಿಡಿದಳು.

"ಬಂದ್ಯಾ? ಕಾಲು ತೊಳಕೊ."

ಸ್ನಾನ ಮಾಡಿ ಪಂಚೆಯುಟ್ಟು ಕೂತೆ. ಅಗಸೆ ಸೊಪ್ಪಿನ ಪಲ್ಯ, ಹೆಸರುಬೇಳೆ ತೊವ್ವೆ, ನೆಲ್ಲಿಕಾಯಿ ಚಟ್ನಿ. ಅವಳು ಬಡಿಸುತ್ತಿದ್ದಂತೆಯೇ ನಾನು ಗಬಕ್ಕನೆ ಮೊದಲ ತುತ್ತು ಎತ್ತಿ, "ನೀ ಕೂಡು, ನಾ ಬಡಿಸಿಕೋತೀನಿ" ಎಂದೆ. ಅವಳು ಒಂದು ಲೋಟ ಪಾನಕ ಕುಡಿದು, ನಾಲ್ಕು ತುತ್ತು ಉಂಡ ಮೇಲೆಯೇ ಬಾಯಿ ತೆರೆದೆ.

"ಅತ್ಯಾ, ದಾರ್ಯಾಗ ಆಚಾರ್ಯರಿಗೆ ಫೋನ್ ಮಾಡಿದ್ದೆ."

ಅವಳ ಕೈ ಎಲೆಯ ಮೇಲೆ ನಿಂತಿತು. ತಲೆ ಎತ್ತದೆ, "ಏನಂದ್ರು?" ಎಂದಳು.

"ಅಳಿಯ ಬರೋದು ತಡಾ ಆದ್ರ, ಅತ್ತಿಯಾದಾಕಿ ಉಪವಾಸ ಕೂಡಬಾರದಂತ. ಪಾನಕ ಕುಡದು, ಹೊಟ್ಟಿತುಂಬ ಉಂಡು, ಆಮ್ಯಾಲ ದಾರಿ ನೋಡಬೇಕಂತ. ಆಗ ಅಳಿಯ ಎಷ್ಟು ತಡಾ ಆದ್ರೂ ತಪ್ಪದ ಬರ್ತಾನಂತ. ಶಾಸ್ತ್ರದಾಗ ಅದ ಅಂತ."

"ಯಾವ ಗ್ರಂಥದಾಗ?" ಲೆಕ್ಕ ತಪ್ಪಿದ ಹುಡುಗನನ್ನು ಕೇಳುವ ಅದೇ ದನಿ.

"ನಿನ್ನ ನಿಯಮ ಇರೋ ಗ್ರಂಥದಾಗನ. ಮುಂದಿನ ಪುಟ."

ಅತ್ತೆ ಎಡಗೈಯಿಂದ ತುಪ್ಪದ ಮಿಳ್ಳೆಯನ್ನು ನನ್ನ ಕಡೆ ಸರಿಸಿದಳು.

"ಆ ಪುಟ ನಾ ಓದಿದ್ದೇ ಇಲ್ಲ ನೋಡು."