ಅಣ್ಣನ ಕೆಂಪು ಪೆನ್ಸಿಲ್

ಫ್ಯಾನ್ ಕಾರ್ಖಾನೆಯವರು ಅವಳಿಗೆ ಇಟ್ಟ ಹೆಸರು ಬುಗುರಿ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಪಾಪ, ಕೆಲಸ ಮಾತ್ರ ಕೂತು ಮಾಡುವಂಥದ್ದೇ ಸಿಕ್ಕಿತ್ತು. ಹೊಸ ಫ್ಯಾನ್ ಹೊರಬಂದಾಗಲೆಲ್ಲ ಅಂಗಡಿಯವರನ್ನು ಸಭಾಂಗಣಕ್ಕೆ ಕರೆಸುತ್ತಾರೆ. ಅಲ್ಲಿ ಯಜಮಾನರು ಆಡುವ ಮಾತು, ಬೆನ್ನ ಹಿಂದಿನ ಪರದೆಯ ಮೇಲೆ ಮೂಡುವ ಸಾಲು, ಎಲ್ಲಿ ನಗಬೇಕು, ಎಲ್ಲಿ ನೀರು ಕುಡಿಯಬೇಕು ಎಂಬುದನ್ನೆಲ್ಲ ಬರೆದುಕೊಡುವವಳು ಅವಳೇ. ಅದನ್ನೂ ಓಡಾಡಿಕೊಂಡೇ ಬರೆಯುತ್ತಿದ್ದಳು. ಸಾಲು ಕೈಗೆ ಸಿಗುವ ತನಕ ಕಾಲು ಸುಟ್ಟ ಬೆಕ್ಕಿನ ಹಾಗೆ ಸುತ್ತುವುದು. ಸಿಕ್ಕ ಮೇಲೆ, ಅದಕ್ಕಿಂತ ಒಳ್ಳೆಯದು ಇನ್ನೆಲ್ಲೋ ಇರಬಹುದೆಂದು ಮತ್ತೆ ಸುತ್ತುವುದು. ವರ್ಷಕ್ಕೆ ಮೂರು ಜೊತೆ ಚಪ್ಪಲಿ ಸವೆಸುವ ಇಂಥ ಬರಹಗಾರ್ತಿ ಇನ್ನೊಬ್ಬಳು ಸಿಗಲಿಕ್ಕಿಲ್ಲ.

ಅವಳ ಅಣ್ಣ ಅದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ರಿಪೇರಿ ಮೆಕ್ಯಾನಿಕ್. ಕೆಟ್ಟ ಫ್ಯಾನಿಗೆ ಕಿವಿಯಿಟ್ಟು, ಬಿಚ್ಚುವ ಮೊದಲೇ ರೋಗ ಯಾವುದೆಂದು ಹೇಳುತ್ತಿದ್ದ. ಎಂಟು ವರ್ಷದ ಹಿಂದೆ ತಂಗಿ ಒಂದು ಸಾಲು ಬರೆದಿದ್ದಳು: 'ಒಮ್ಮೆ ಕೊಳ್ಳಿ, ಮರೆತುಬಿಡಿ.' ಸಾಲು ಊರೆಲ್ಲ ಓಡಾಡಿತು. ಫ್ಯಾನು ಮಾತ್ರ ಆರೇ ತಿಂಗಳಿಗೆ ನಿಂತಿತು. ಒಬ್ಬ ಗಿರಾಕಿ ರಿಪೇರಿ ಕೋಣೆಗೆ ಬಂದು, ಡಬ್ಬದ ಮೇಲಿನ ಆ ಸಾಲನ್ನು ನಾಲ್ಕು ಜನರೆದುರು ಅಣ್ಣನ ಕೈಲಿ ಹತ್ತು ಸಲ ಓದಿಸಿದ. ಅವತ್ತು ಅಣ್ಣ ಊಟಕ್ಕೆ ಏಳಲಿಲ್ಲ.

"ನೀನು ಬರೆದಿದ್ದು ಚೆನ್ನಾಗೇ ಇದೆ ಬುಗುರಿ," ಎಂದ. "ಎಲ್ಲರಿಗೂ ಬಾಯಿಪಾಠ ಆಗಿದೆ. ಬೈಯೋಕೆ ಬರೋರಿಗೂ."

ಆಡಿದ ಮಾತು, ಒಡೆದ ಮುತ್ತು. ಅಂದಿನಿಂದ ಅವಳು ಬರೆದದ್ದನ್ನೆಲ್ಲ ಮೊದಲು ಅಣ್ಣನೆದುರು ಓದುತ್ತಿದ್ದಳು. ಯಾವ ಮಾತಿಗೆ ನಾಳೆ ತಾನು ಬೈಸಿಕೊಳ್ಳಬೇಕೋ ಆ ಮಾತಿನ ಮೇಲೆ ಅಣ್ಣ ಕೆಂಪು ಪೆನ್ಸಿಲ್ಲಿನಿಂದ ಗೀಟು ಎಳೆಯುತ್ತಿದ್ದ. ಉಳಿದದ್ದಷ್ಟೇ ವೇದಿಕೆಗೆ. ಯಜಮಾನರು ಮೊದಲು ಗೊಣಗಿದರು. ಆದರೆ ಅಂಗಡಿಯವರು ಉಳಿದ ಮಾತನ್ನು ನಂಬುವುದು ಕಂಡು ಸುಮ್ಮನಾದರು. ಈಚೆಗೆ ಒಂದು ವರ್ಷದಿಂದ ಅಣ್ಣ ಓದಿನ ನಡುವೆ ಸಿಡುಕತೊಡಗಿದ್ದ. "ಒಂದು ಕಡೆ ನಿಂತು ಓದು ತಾಯಿ. ನಿನ್ನ ಹಿಂದೆ ಕತ್ತು ತಿರುಗಿಸಿ ಸಾಕಾಯ್ತು." ವಯಸ್ಸಾಯಿತು, ತಾಳ್ಮೆ ಕಮ್ಮಿಯಾಗಿದೆ ಎಂದುಕೊಂಡು ಅವಳು ಓಡಾಡುತ್ತಲೇ ಓದಿದಳು.

ಈ ಸಲದ್ದು ಮೇಜಿನ ಫ್ಯಾನು, ಸದ್ದೇ ಮಾಡುವುದಿಲ್ಲವಂತೆ. ಕಾರ್ಖಾನೆಯ ಗದ್ದಲದಲ್ಲಿ ಯಾವ ಫ್ಯಾನಿನ ಸದ್ದು ತಾನೇ ಕೇಳೀತು? ಅದಕ್ಕೇ ಅವಳು ಅದನ್ನು ಅಣ್ಣನ ಮನೆಗೆ ಕಳಿಸಿದಳು. ಅತ್ತಿಗೆ ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ ಅವನು ಕಿಟಕಿ ಬಾಗಿಲು ಹಾಕಿಕೊಂಡು ಓಡಿಸಿ ನೋಡಿದ. ಮರುದಿನ ಬಂದು ಹೇಳಿದ: "ತಿರುಗ್ತಿದೆ ಅಂತ ಕಿವಿಗೆ ಗೊತ್ತಾಗಲಿಲ್ಲ, ಮುಖಕ್ಕೆ ಗೊತ್ತಾಯ್ತು."

ಅವಳು ಕುಣಿದಾಡಿದಳು. ಹದಿನೈದು ವರ್ಷ ತಲೆ ಕೆರೆದುಕೊಂಡರೂ ತನಗೆ ಹೊಳೆಯದಂಥ ಸಾಲು! ಇಡೀ ಕಾರ್ಯಕ್ರಮವನ್ನು ಅದರ ಸುತ್ತಲೇ ಕಟ್ಟಿದಳು. ಪೂರ್ತಿ ವೇಗದಲ್ಲಿ ಫ್ಯಾನ್, ಐದು ಕ್ಷಣ ಎಲ್ಲರೂ ಮೌನ, ಆಮೇಲೆ ಮೂವತ್ತು ವರ್ಷದ ಮೆಕ್ಯಾನಿಕ್ ತಾನೇ ವೇದಿಕೆಗೆ ಬಂದು ಈ ಒಂದು ಮಾತು ಹೇಳುವುದು. ಅಣ್ಣ ಹೊಸ ಅಂಗಿ ಹೊಲಿಸಿಕೊಂಡ. ಬರೆದ ಹಾಳೆಗಳಲ್ಲಿ ಒಂದೂ ಕೆಂಪು ಗೀಟಿರಲಿಲ್ಲ. ಅವಳು ಹಾಳೆಗಳನ್ನು ಎರಡು ಸಲ ತಿರುವಿ ನೋಡಿದಳು.

ಹನ್ನೊಂದಕ್ಕೆ ಕಾರ್ಯಕ್ರಮ, ಒಂಬತ್ತಕ್ಕೆ ತಾಲೀಮು. ಖಾಲಿ ಸಭಾಂಗಣದಲ್ಲಿ ಫ್ಯಾನ್ ಹಾಕಿದರು. 'ಕುಂಯ್' ಎಂದು ಸಣ್ಣಗೆ, ಕಿವಿಯ ಬಳಿ ಸೊಳ್ಳೆ ಬಂದ ಹಾಗೆ ಸದ್ದು ಎದ್ದಿತು. ದೀಪದವನು ತಲೆಯೆತ್ತಿ ನೋಡಿದ. ಯಜಮಾನರ ಹುಬ್ಬು ಗಂಟಾಯಿತು. ಅಣ್ಣ ಮಾತ್ರ ಐದು ಕ್ಷಣ ನಗುಮುಖದಿಂದ ನಿಂತು, ತನ್ನ ಮಾತನ್ನು ತಪ್ಪಿಲ್ಲದೆ ಒಪ್ಪಿಸಿದ.

"ಏನಮ್ಮ ಇದು, ನಿಮ್ಮಣ್ಣ ತಮಾಷೆ ಮಾಡ್ತಿದಾರಾ?" ಯಜಮಾನರು ಕೇಳಿದರು.

ಅವಳು ಅಣ್ಣನ ಬೆನ್ನ ಹಿಂದಿದ್ದಳು. "ಅಣ್ಣಾ," ಎಂದಳು. ಅವನು ತಿರುಗಲಿಲ್ಲ. ಇನ್ನೊಮ್ಮೆ ಕರೆದಳು. ಇಲ್ಲ. ಆಗ ಅವಳಿಗೆ ಹೊಳೆಯಿತು. ಒಂದು ಕಡೆ ನಿಂತು ಓದು ಎಂದದ್ದು ಸಿಡುಕಲ್ಲ. ಅವನು ವರ್ಷದಿಂದ ಅವಳ ತುಟಿ ನೋಡುತ್ತಿದ್ದ.

ಯಜಮಾನರು ದನಿ ತಗ್ಗಿಸಿದರು. "ಹೋಗಲಿ, ಸಂಗೀತ ಜೋರಾಗಿ ಹಾಕ್ಸಿ, ಯಾರಿಗೆ ಕೇಳುತ್ತೆ? ಅವರ ಮಾತು ಹಾಗೇ ಇರಲಿ, ಚೆನ್ನಾಗಿದೆ."

ಅವಳು ಕುರ್ಚಿಗಳ ಸಾಲಿನ ನಡುವೆ ಹೋದಳು, ಬಂದಳು, ಮತ್ತೆ ಹೋದಳು. ಸಂಗೀತ ಹಾಕಿಸಿದರೆ ಇವತ್ತು ಅಣ್ಣನ ಮಾನ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ನಾಳೆ? ಗಿರಾಕಿ ಫ್ಯಾನ್ ಹೊತ್ತು ತಂದು, ಅಣ್ಣನ ಮಾತನ್ನೇ ಅಣ್ಣನ ಕೈಲಿ ಹತ್ತು ಸಲ ಹೇಳಿಸುತ್ತಾನೆ. ಈ ಸಲ ಅದು ಅವಳು ಬರೆದ ಸಾಲೂ ಅಲ್ಲ. ಅಣ್ಣನಿಗೆ ಹೇಳದಿರಲು ಅವಳಿಗೆ ಬಹಳ ಆಸೆಯಾಯಿತು.

ಕೊನೆಗೆ ವೇದಿಕೆ ಹತ್ತಿ ಅಣ್ಣನ ಎದುರು ನಿಂತಳು. ಅವನ ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು ಹಾಳೆಯಲ್ಲಿದ್ದ ಅವನ ಸಾಲಿನ ಮೇಲೆ ಗೀಟು ಎಳೆದಳು.

"ಯಾಕೆ?"

"ಸದ್ದಿದೆ, ಅಣ್ಣ."

ಅವನು ಫ್ಯಾನಿನ ಬೆನ್ನ ಮೇಲೆ ಅಂಗೈ ಇಟ್ಟು ನಿಂತ. "ಎಲ್ಲರಿಗೂ ಕೇಳಿಸ್ತಿದೆಯಾ?"

"ಹ್ಞೂಂ."

ಅಣ್ಣ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಹೊಸ ಅಂಗಿಯಲ್ಲೂ ಅದು ಇತ್ತು. ಹಿಂಬದಿ ಬಿಚ್ಚಿ ಏನೋ ಬಿಗಿ ಮಾಡಿ, ಅವಳ ಮುಖ ನೋಡಿದ. "ಈಗ?"

"ಇದೆ."

ಒಂದು ಹನಿ ಎಣ್ಣೆ ಬಿಟ್ಟ. "ಈಗ?"

"ಇದೆ."

ಮೂರನೆಯ ಸಲ ಕೇಳಿದಾಗ ಅವನ ಕಣ್ಣಲ್ಲಿ ಬಹಳ ಆಸೆಯಿತ್ತು. ಸದ್ದು ಹೋಯಿತು ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಇಲ್ಲದ್ದನ್ನು ಉಂಟೆಂದು ನಂಬಿಸುವುದೇ ಅವಳ ಕಸುಬು, ಆದರೆ ಈ ಮನುಷ್ಯನ ಮುಂದೆ ಆಗಲಿಲ್ಲ. "ಇದೆ, ಅಣ್ಣ," ಎಂದಳು. ಕಣ್ಣು ತುಂಬಿ ಬಂತು.

ಅಣ್ಣ ಯಜಮಾನರ ಕಡೆ ತಿರುಗಿದ. "ಬೇರಿಂಗು ಸರ್. ಬದಲಾಯಿಸದೆ ಒಂದು ಫ್ಯಾನೂ ಅಂಗಡಿಗೆ ಹೋಗಬಾರದು. ಬೈಸ್ಕೊಳೋಕೆ ನಾನಿದೀನಿ, ಆದ್ರೆ ಕೇಳಿಸ್ಕೊಳೋಕೆ ಕಿವಿ ಇಲ್ಲ."

ಯಜಮಾನರು ಗಡಿಯಾರ ನೋಡಿ, "ಸರಿ, ಬದಲಾಯಿಸೋಣ. ಹನ್ನೊಂದಕ್ಕೆ ಏನು ಹೇಳಬೇಕೋ ಬೇರೆ ಬರೀರಿ," ಎಂದು ಹೊರಗೆ ಹೋದರು.

ಅವಳು ಹಾಳೆಯ ಹಿಂಬದಿಯಲ್ಲಿ ಬರೆಯತೊಡಗಿದಳು. ಸದ್ದಿನ ಮಾತು ಬಿಟ್ಟು ಗಾಳಿಯ ಮಾತು. ಅಣ್ಣ ವೇದಿಕೆಯ ಮೆಟ್ಟಿಲ ಮೇಲೆ ಕೂತು ಪೆನ್ಸಿಲ್ ಹಿಡಿದುಕೊಂಡ. "ಹ್ಞಾಂ, ಓದು." ಅವಳು ಅಭ್ಯಾಸಬಲದಿಂದ ನಡೆಯುತ್ತಾ ಎರಡು ಸಾಲು ಓದಿದಳು. ಬಾಗಿಲ ತನಕ ಹೋಗಿ ತಟಕ್ಕನೆ ನಿಂತಳು. ಹಿಂದಿರುಗಿ ಬಂದು, ಅಣ್ಣನ ಎದುರು ಎರಡೂ ಕಾಲು ಊರಿ ನಿಂತು, ಮೊದಲಿನಿಂದ ಓದಿದಳು.