ಎರಡೂ ಕಡೆ ಎಮ್

ನನ್ನ ಮದುವೆಯಾದ ಹೊಸತರಲ್ಲೇ ದಾವಣಗೆರೆ ಬೇರೆ ಜಿಲ್ಲೆಯಾಯಿತು. ಬಳ್ಳಾರಿಯಲ್ಲಿದ್ದ ಹರಪನಹಳ್ಳಿ ತಾಲ್ಲೂಕೂ ನಮ್ಮ ಜಿಲ್ಲೆಗೆ ಬಂತು. ಇದರಿಂದ ಎಲ್ಲರಿಗಿಂತ ಖುಷಿಪಟ್ಟವರು ದಾವಣಗೆರೆಯ ಆನೆಕೊಂಡದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ನನ್ನ ಅಪ್ಪ. ಯಾಕೆಂದರೆ ನನ್ನ ಮಾವ ಆ ತಾಲ್ಲೂಕಿನ ರೈತರು. "ಬೀಗ್ರೆ, ಕೊನಿಗೂ ನಮ್ಮ ಕೈಗೆ ಬಂದ್ರಿ ನೋಡ್ರಿ" ಎಂದು ಕಂಡಾಗಲೆಲ್ಲ ಕೆಣಕುತ್ತಿದ್ದರು.

ಮಾವ ಒಂದು ದಿನ ಸಿಟ್ಟಾದರು. "ಜಿಲ್ಲೆ ಬದಲಾದ್ರೆ ಸೀಮೆ ಬದಲಾಗತೈತೇನ್ರಿ? ನೀವು ಮೈಸೂರು ಸೀಮೆ, ನಾವು ಮದ್ರಾಸ್ ಸೀಮೆ. ಬ್ರಿಟಿಷರು ಅಳತೆ ಮಾಡಿ ನೆಟ್ಟ ಗಡಿಕಲ್ಲು ನಮ್ಮೂರ ಹತ್ರ ಇನ್ನೂ ಐತೆ. ಬರ್ರಿ, ತೋರಸ್ತೀನಿ."

ಮುಂದಿನ ಭಾನುವಾರವೇ ಹೊರಟೆವು. ಅವ್ವ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಕೊಂಡಳು. ಅಪ್ಪ ನೀಲಿ ಬಣ್ಣದ ಡಬ್ಬಿ, ಕುಂಚ ಹಿಡಿದುಕೊಂಡರು. ಎಲ್ಲೇ ಮಾಸಿದ ಅಕ್ಷರ ಕಂಡರೂ ತಿದ್ದದೆ ಬಿಡುವ ಜೀವ ಅವರದಲ್ಲ. ಕೊಂಡಜ್ಜಿ ದಾಟಿ ಹೋದ ಬಸ್ಸು ನಮ್ಮನ್ನು ಇಳಿಸಿದಲ್ಲಿ ಮಾವ ಕಾಯುತ್ತಿದ್ದರು. ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಅರ್ಧ ಗಂಟೆ ನಡೆಸಿದರು.

ಕಲ್ಲು ಸೊಂಟದೆತ್ತರ ಇತ್ತು. ಅಪ್ಪ ಈ ಕಡೆಯ ಮಣ್ಣು ಉಜ್ಜಿದರು. ಇಂಗ್ಲಿಷಿನ ಎಮ್ ಕಾಣಿಸಿತು. ಮಾವ ಆ ಕಡೆ ಉಜ್ಜಿದರು. ಅಲ್ಲೂ ಎಮ್ಮೇ.

"ಏನ್ ಬರದೈತೆ?" ಎಂದಳು ಇಂಗ್ಲಿಷ್ ಬಾರದ ಅವ್ವ.

"ಮೈಸೂರಿಗೂ ಎಮ್ಮೇ, ಮದ್ರಾಸಿಗೂ ಎಮ್ಮೇ" ಎಂದೆ.

"ಬ್ರಿಟಿಷರು ಇಷ್ಟು ದೂರ ಬಂದು ಎಮ್ಮೆ ಅಂತ ಬರದ್ರಾ?"

ನನಗೆ ನಗು ತಡೆಯಲಾಗಲಿಲ್ಲ. ಬೀಗರಿಬ್ಬರೂ ನಗಲಿಲ್ಲ. ಇಂಥ ಗೊಂದಲ ಮುಂದೆ ಯಾರಿಗೂ ಆಗಬಾರದೆಂದು ಅಪ್ಪ ಡಬ್ಬಿ ತೆಗೆದು, ನಮ್ಮ ಕಡೆಯ ಮುಖದ ಮೇಲೆ ದಪ್ಪಗೆ 'ಮೈಸೂರು' ಎಂದು ಬರೆದರು. ಮಾವ ಕುಂಚ ಹಿಡಿದೆಳೆದರು.

"ಅಲ್ಲಿ ಮದ್ರಾಸ್ ಬರೀರಿ. ಬಸ್ಸಿನ ಬೋರ್ಡಲ್ಲಿ ಹೋಗೋ ಊರು ಬರೀತಾರೋ, ನಿಂತಿರೋ ಊರೋ?"

"ಅಂಗಡಿ ಬೋರ್ಡಲ್ಲಿ ಪಕ್ಕದ ಅಂಗಡಿ ಹೆಸರು ಬರೀತಾರೇನ್ರಿ?"

ಇದೇ ಮಾತು ಮುಕ್ಕಾಲು ಗಂಟೆ ನಡೆಯಿತು. ಅಷ್ಟರಲ್ಲಿ ಅವ್ವ ಮತ್ತು ನಾನು ಮಂಡಕ್ಕಿ ಪೂರ್ತಿ ಖಾಲಿ ಮಾಡಿದ್ದೆವು. ಕೈ ಒರೆಸಿಕೊಳ್ಳುತ್ತ ಅವ್ವ, "ಎರಡೂ ಕಡೆ ಎರಡೂ ಹೆಸರು ಬರದು ಮುಗಸ್ರಿ ಅತ್ಲಾಗೆ" ಎಂದಳು. ಹಸಿದಿದ್ದರಿಂದಲೋ ಏನೋ, ಇಬ್ಬರೂ ಒಪ್ಪಿದರು.

ಅಪ್ಪ ಕೊನೆಯ ಅಕ್ಷರ ಮುಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಅಂದ ನೋಡುತ್ತಿದ್ದರು. ಹೊಲದಿಂದ ನಿಜವಾದ ಎಮ್ಮೆಯೊಂದು ನೆಟ್ಟಗೆ ಬಂತು. ದಿನಾ ಬರುವ ಜಾಗವಿರಬೇಕು, ಕಲ್ಲಿಗೆ ಒರಗಿ ಮೈ ತಿಕ್ಕತೊಡಗಿತು. "ಹೈ, ಹೈ" ಎಂದು ಬೀಗರಿಬ್ಬರೂ ಕೂಗಿದರೆ ಅದು ಆರಾಮಾಗಿ ತಿರುಗಿ ಇನ್ನೊಂದು ಮಗ್ಗುಲನ್ನೂ ತಿಕ್ಕಿಕೊಂಡಿತು. ಕಲ್ಲಿನ ಮೇಲೆ ನೀಲಿ ಕಲೆ ಬಿಟ್ಟು ಏನೂ ಉಳಿಯಲಿಲ್ಲ. ಎಮ್ಮೆಯ ಹೊಟ್ಟೆಯ ಮೇಲೆ ತಿರುಗುಮುರುಗಾದ 'ಮದ್ರಾ' ಸ್ಪಷ್ಟವಾಗಿತ್ತು.

ಹಿಂದೆಯೇ ಎಮ್ಮೆಯ ಒಡತಿ ಬಂದಳು. "ಯಾರ್ರೀ ಅದು? ಎಲೆಕ್ಷನ್ನಿಗೆ ಗ್ವಾಡೆ ಸಾಲದೆ ನನ್ನ ಎಮ್ಮಿ ಮ್ಯಾಲೆ ಬರದೀರಾ?"

"ನಮ್ಮ ಬೀಗರು ಪೇಂಟರ್ರು" ಎಂದು ಮಾವ ಬೆರಳು ತೋರಿಸಿದರು.

"ಬರಸಿದೋರು ಇವ್ರು" ಎಂದರು ಅಪ್ಪ.

ಆಕೆ ಇಬ್ಬರನ್ನೂ ಬಿಡಲಿಲ್ಲ. ಮನೆಯಿಂದ ಸೀಮೆಎಣ್ಣೆ, ಹಳೇ ಬಟ್ಟೆ ತಂದು ಕೈಗೆ ಕೊಟ್ಟಳು. ಒಂದು ಮಗ್ಗುಲಿಗೆ ಅಪ್ಪ, ಇನ್ನೊಂದಕ್ಕೆ ಮಾವ ಕೂತು ಉಜ್ಜಿದರು. ಎಮ್ಮೆ ಬಾಲದಿಂದ ಸರದಿಯ ಮೇಲೆ ಇಬ್ಬರಿಗೂ ಬಾರಿಸಿತು.

ಸಂಜೆ ಮಾವನ ಮನೆ ಮುಟ್ಟಿದಾಗ ಅತ್ತೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. ಬೀಗರೆಂಬ ಮರ್ಯಾದೆಯನ್ನೂ ನೋಡದೆ ಇಬ್ಬರನ್ನೂ ಹಿತ್ತಲಿಗೆ ಕಳಿಸಿ, ಒಂದೇ ಸೋಪು ಕೊಟ್ಟರು.